ಸರ್ಕಾರಿ ನೌಕರರ ಗಾಯ ಪರಿಹಾರ (ಕರ್ನಾಟಕ)

ಸರ್ಕಾರಿ ನೌಕರರ ಗಾಯ ಪರಿಹಾರ ಎಂಬುದು ಸರ್ಕಾರ, ಸ್ಥಳೀಯ ಸಂಸ್ಥೆ ಅಥವಾ ಸರ್ಕಾರಿ ಸ್ವಾಮ್ಯದ ನಿಗಮದ ಕೆಲಸದಲ್ಲಿರುವವರು ಕೆಲಸದ ಕಾರಣದಿಂದ ಗಾಯಗೊಂಡಾಗ, ಅಂಗವೈಕಲ್ಯಕ್ಕೆ ಒಳಗಾದಾಗ ಅಥವಾ ಮರಣ ಹೊಂದಿದಾಗ ಅವರಿಗೆ ಇಲ್ಲವೆ ಅವರ ಅವಲಂಬಿತರಿಗೆ ದೊರೆಯುವ ಹಣ, ಚಿಕಿತ್ಸೆ, ರಜೆ, ಪಿಂಚಣಿ ಮತ್ತು ಉದ್ಯೋಗ ರಕ್ಷಣೆಗಳ ಒಟ್ಟು ವ್ಯವಸ್ಥೆಯಾಗಿದೆ. ಕರ್ನಾಟಕದಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕಾಯಿದೆ ಇಲ್ಲ. 1923ರ ನೌಕರರ ಪರಿಹಾರ ಅಧಿನಿಯಮ, 1948ರ ನೌಕರರ ರಾಜ್ಯ ವಿಮಾ ಅಧಿನಿಯಮ, ಸರ್ಕಾರಿ ಸೇವಾ ನಿಯಮಗಳು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಹಾಗೂ ನ್ಯಾಯಾಲಯಗಳ ತೀರ್ಪುಗಳು ಸೇರಿ ಈ ವ್ಯವಸ್ಥೆಯನ್ನು ರೂಪಿಸಿವೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದ ಬಳಿಕ ಮೇಲಿನ ಮೊದಲ ಎರಡು ಅಧಿನಿಯಮಗಳ ವಿಷಯಗಳು ಆ ಸಂಹಿತೆಯಲ್ಲಿ ವಿಲೀನಗೊಂಡಿವೆ.

ಗಾಯಗೊಂಡವರಿಗೆ ಯಾವ ಪರಿಹಾರ ಸಿಗುತ್ತದೆ ಎಂಬುದು ಗಾಯದ ಸ್ವರೂಪದಷ್ಟೇ ಅವರ ನೇಮಕಾತಿಯ ಸ್ವರೂಪವನ್ನೂ ಅವಲಂಬಿಸಿದೆ. ಒಂದೇ ಊರಿನಲ್ಲಿ, ಒಂದೇ ಬಗೆಯ ಅಪಘಾತಕ್ಕೆ ಒಳಗಾದ ಖಾಯಂ ನೌಕರ, ದಿನಗೂಲಿ ನೌಕರ, ಗುತ್ತಿಗೆ ಕಾರ್ಮಿಕ ಮತ್ತು ಗೌರವಧನದ ಕಾರ್ಯಕರ್ತೆಗೆ ಅನ್ವಯಿಸುವ ಕಾನೂನುಗಳು ಬೇರೆ ಬೇರೆಯಾಗಿರುತ್ತವೆ.

## ಇತಿಹಾಸ

ಕೆಲಸಗಾರರ ಪರಿಹಾರ ಅಧಿನಿಯಮವನ್ನು ಬ್ರಿಟಿಷ್ ಭಾರತದ ಶಾಸನಸಭೆಯು 1923ರಲ್ಲಿ ಅಂಗೀಕರಿಸಿತು. ಅದು 1924ರ ಜುಲೈ 1ರಂದು ಜಾರಿಗೆ ಬಂದಿತು. ಅದಕ್ಕೂ ಮೊದಲು ಗಾಯಗೊಂಡ ಕೆಲಸಗಾರನು ಮಾಲೀಕನ ತಪ್ಪನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಹೊಸ ಅಧಿನಿಯಮವು ಆ ಹೊರೆಯನ್ನು ತೆಗೆದುಹಾಕಿತು. ಅಪಘಾತವು ಕೆಲಸದಿಂದ ಉಂಟಾದದ್ದು ಎಂಬುದನ್ನು ತೋರಿಸಿದರೆ ಸಾಕು, ತಪ್ಪು ಯಾರದು ಎಂಬ ಪ್ರಶ್ನೆ ಏಳುವುದಿಲ್ಲ ಎಂಬುದೇ ಅದರ ಮೂಲತತ್ತ್ವ.

ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಣ್ಣಿಗೇರಿ, ನವಲಗುಂದ, ಕುಂದಗೋಳ ಮುಂತಾದ ಭಾಗಗಳಲ್ಲಿ ಬ್ರಿಟಿಷ್ ಆಡಳಿತಕ್ಕೆ ಸೇರಿದ ಊರುಗಳಿಗೆ ಈ ಅಧಿನಿಯಮವು ಆರಂಭದಿಂದಲೇ ಅನ್ವಯಿಸಿತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಮತ್ತು ಹುಬ್ಬಳ್ಳಿ–ಗದಗ ರೈಲು ಮಾರ್ಗದ ಕೆಲಸಗಾರರು ಈ ಪ್ರದೇಶದಲ್ಲಿ ಅದರ ವ್ಯಾಪ್ತಿಗೆ ಬಂದ ದೊಡ್ಡ ಗುಂಪಾಗಿದ್ದರು. ಕಾರ್ಮಿಕರ ಕುರಿತ ರಾಯಲ್ ಆಯೋಗದ ವರದಿಯ ನಂತರ 1933ರಲ್ಲಿ ಅಧಿನಿಯಮಕ್ಕೆ ವ್ಯಾಪಕ ತಿದ್ದುಪಡಿಯಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಸರ್ಕಾರಿ ನೌಕರರು ಆ ರಾಜ್ಯದ ಸೇವಾ ನಿಯಮಗಳ ವ್ಯಾಪ್ತಿಗೆ ಬಂದರು.

2000ದ ತಿದ್ದುಪಡಿಯು ಸಾಂದರ್ಭಿಕ ಕೆಲಸಗಾರರನ್ನು ಹೊರಗಿಟ್ಟಿದ್ದ ಷರತ್ತನ್ನು ಕೈಬಿಟ್ಟಿತು. ಇದರಿಂದ ದಿನಗೂಲಿಯವರಿಗೂ ರಕ್ಷಣೆ ವಿಸ್ತರಿಸಿತು. 2009ರ ತಿದ್ದುಪಡಿಯಲ್ಲಿ 'ಕೆಲಸಗಾರ' ಎಂಬ ಪದದ ಬದಲು 'ನೌಕರ' ಎಂಬ ಪದವನ್ನು ಸೇರಿಸಲಾಯಿತು. ಅದು 2010ರ ಜನವರಿ 18ರಿಂದ ಜಾರಿಗೆ ಬಂದಿತು.

## ಯಾರಿಗೆ ಯಾವ ಕಾನೂನು

ಅಣ್ಣಿಗೇರಿಯಂತಹ ತಾಲೂಕು ಕೇಂದ್ರದಲ್ಲಿ ಸರ್ಕಾರದ ಕೆಲಸ ಮಾಡುವವರೆಲ್ಲರೂ ಒಬ್ಬನೇ ಮಾಲೀಕನ ಅಡಿಯಲ್ಲಿ ಇರುವುದಿಲ್ಲ. ತಹಶೀಲ್ದಾರ್ ಕಚೇರಿ ಮತ್ತು ಸರ್ಕಾರಿ ಶಾಲೆಗಳ ಸಿಬ್ಬಂದಿ ರಾಜ್ಯ ಸರ್ಕಾರದ ನೌಕರರು. ಬೀದಿ ಮತ್ತು ಚರಂಡಿಗಳ ಸ್ವಚ್ಛತೆ ಪುರಸಭೆಯ ಹೊಣೆ. ವಿದ್ಯುತ್ ಕಂಬ ಏರುವ ಪವರ್‌ಮ್ಯಾನ್‌ಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಹೆಸ್ಕಾಂನ ಸಿಬ್ಬಂದಿ. ಬಸ್ ಚಾಲಕರು ಮತ್ತು ನಿರ್ವಾಹಕರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವರು. ರೈಲು ಹಳಿಗಳ ಮೇಲ್ವಿಚಾರಣೆ ಮಾಡುವವರು ನೈಋತ್ಯ ರೈಲ್ವೆಯ, ಅಂದರೆ ಕೇಂದ್ರ ಸರ್ಕಾರದ ನೌಕರರು. ಸ್ಥೂಲವಾಗಿ ಇವರನ್ನು ನಾಲ್ಕು ವರ್ಗಗಳಲ್ಲಿ ಇರಿಸಬಹುದು.

* ಖಾಯಂ ನಾಗರಿಕ ಸೇವೆಯ ನೌಕರರು: ಕಚೇರಿ ಸಿಬ್ಬಂದಿ, ಶಿಕ್ಷಕರು, ಕಂದಾಯ ಅಧಿಕಾರಿಗಳು ಮೊದಲಾದವರು. ಇವರಿಗೆ ಮುಖ್ಯವಾಗಿ ಸೇವಾ ನಿಯಮಗಳು ಅನ್ವಯಿಸುತ್ತವೆ.
* ಅಪಾಯಕಾರಿ ಕೆಲಸಗಳ ನೌಕರರು: ವಿದ್ಯುತ್ ತಂತಿ, ರಸ್ತೆ, ಸೇತುವೆ, ಕಾಲುವೆ, ಒಳಚರಂಡಿ, ಮೋಟಾರು ವಾಹನ ಮುಂತಾದ ಕೆಲಸಗಳಲ್ಲಿರುವವರು. ಇವು 1923ರ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ಸೇರಿವೆ.
* ಗುತ್ತಿಗೆ ಮತ್ತು ಹೊರಗುತ್ತಿಗೆ ಕಾರ್ಮಿಕರು: ಕೆಲಸ ಸರ್ಕಾರದ್ದು, ವೇತನ ಕೊಡುವವರು ಗುತ್ತಿಗೆದಾರರು.
* ಗೌರವಧನದ ಕಾರ್ಯಕರ್ತೆಯರು: ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು.

ಸರ್ಕಾರವು ವ್ಯಾಪಾರ ಮಾಡುವ ಸಂಸ್ಥೆಯಲ್ಲವಾದ್ದರಿಂದ ಅದನ್ನು 'ಮಾಲೀಕ' ಎನ್ನಬಹುದೇ ಎಂಬ ಪ್ರಶ್ನೆಗೆ 1923ರ ಅಧಿನಿಯಮದ ಕಲಂ 2(2) ಉತ್ತರ ನೀಡುತ್ತದೆ. ಸ್ಥಳೀಯ ಪ್ರಾಧಿಕಾರದ ಅಥವಾ ಸರ್ಕಾರದ ಪರವಾಗಿ ವರ್ತಿಸುವ ಇಲಾಖೆಯ ಅಧಿಕಾರ ಮತ್ತು ಕರ್ತವ್ಯಗಳ ನಿರ್ವಹಣೆಯನ್ನು, ವಿರುದ್ಧ ಉದ್ದೇಶ ಕಂಡುಬರದ ಹೊರತು, ಆ ಪ್ರಾಧಿಕಾರದ ಅಥವಾ ಇಲಾಖೆಯ ವ್ಯಾಪಾರ ಇಲ್ಲವೆ ವ್ಯವಹಾರವೆಂದೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತದೆ. ಹೀಗಾಗಿ ಪುರಸಭೆಯಾಗಲಿ, ಲೋಕೋಪಯೋಗಿ ಇಲಾಖೆಯಾಗಲಿ ಖಾಸಗಿ ಮಾಲೀಕನಂತೆಯೇ ಪರಿಹಾರಕ್ಕೆ ಹೊಣೆಯಾಗುತ್ತದೆ. ಸಶಸ್ತ್ರ ಪಡೆಗಳ ಸದಸ್ಯರನ್ನು ಈ ಅಧಿನಿಯಮದಿಂದ ಹೊರಗಿಡಲಾಗಿದೆ. ರೈಲ್ವೆ ನೌಕರರು ಇದರ ವ್ಯಾಪ್ತಿಯಲ್ಲಿದ್ದಾರೆ. ಆದರೆ ರೈಲ್ವೆಯ ಆಡಳಿತ, ಜಿಲ್ಲಾ ಅಥವಾ ಉಪವಿಭಾಗೀಯ ಕಚೇರಿಗಳಲ್ಲಿ ಖಾಯಂ ಆಗಿರುವವರು ಇದಕ್ಕೆ ಒಳಪಡುವುದಿಲ್ಲ.

## ಅರ್ಹತೆಯ ನಿಯಮ

ಕಲಂ 3ರ ಪ್ರಕಾರ ಗಾಯವು ಅಪಘಾತದಿಂದ ಆಗಿರಬೇಕು. ಆ ಅಪಘಾತವು ಉದ್ಯೋಗದಿಂದ ಉದ್ಭವಿಸಿರಬೇಕು ಮತ್ತು ಉದ್ಯೋಗದ ಅವಧಿಯಲ್ಲಿ ಸಂಭವಿಸಿರಬೇಕು. ಮೂರನೆಯ ಅನುಸೂಚಿಯಲ್ಲಿ ಹೆಸರಿಸಿರುವ ವೃತ್ತಿಜನ್ಯ ರೋಗಗಳನ್ನೂ ಅಪಘಾತದ ಗಾಯವೆಂದೇ ಪರಿಗಣಿಸಲಾಗುತ್ತದೆ.

ಮೂರು ದಿನಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡಲಾಗದ ಸ್ಥಿತಿ ಉಂಟಾಗದಿದ್ದರೆ ಪರಿಹಾರವಿಲ್ಲ. ಮದ್ಯ ಅಥವಾ ಮಾದಕ ವಸ್ತುವಿನ ಅಮಲು, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರುವುದು, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕುವುದು ಅಪಘಾತಕ್ಕೆ ನೇರ ಕಾರಣವಾಗಿದ್ದರೆ ಮಾಲೀಕನಿಗೆ ವಿನಾಯಿತಿ ಇದೆ. ಆದರೆ ಮರಣ ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯ ಉಂಟಾದಾಗ ಈ ವಿನಾಯಿತಿಗಳು ಅನ್ವಯಿಸುವುದಿಲ್ಲ. ಕೆಲಸಗಾರನ ಸಾಮಾನ್ಯ ಅಜಾಗರೂಕತೆ ಈ ಪಟ್ಟಿಯಲ್ಲಿ ಇಲ್ಲ. ಲೈನ್ ಕ್ಲಿಯರ್ ಪಡೆದು ಕಂಬ ಏರಿದ ಪವರ್‌ಮ್ಯಾನ್ ಅವಸರದಲ್ಲಿ ತಪ್ಪಿದನೆಂಬ ಒಂದೇ ಕಾರಣದಿಂದ ಅವನ ಹಕ್ಕು ನಾಶವಾಗುವುದಿಲ್ಲ.

### ಮನೆಯಿಂದ ಕೆಲಸಕ್ಕೆ ಹೋಗುವ ದಾರಿ

ಕೆಲಸಕ್ಕೆ ಹೋಗಿಬರುವಾಗ ಸಂಭವಿಸುವ ಅಪಘಾತಗಳ ಬಗ್ಗೆ ನ್ಯಾಯಾಲಯಗಳ ನಿಲುವು ಹಂತಹಂತವಾಗಿ ಬದಲಾಗಿದೆ. 1958ರಲ್ಲಿ ಸೌರಾಷ್ಟ್ರ ಸಾಲ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಉದ್ಯೋಗದ ಅವಧಿಯು ಕೆಲಸದ ಸ್ಥಳದ ಗಡಿಗಿಂತ ಸ್ವಲ್ಪ ಹೊರಗೂ ಚಾಚಬಹುದು, ಆದರೆ ಅದಕ್ಕೆ ಮಿತಿಯಿದೆ ಎಂದಿತು. 1963ರಲ್ಲಿ ಮುಂಬಯಿಯ ಬೆಸ್ಟ್ ಸಾರಿಗೆಯ ಪ್ರಕರಣದಲ್ಲಿ, ಕೆಲಸ ಮುಗಿಸಿ ಸಂಸ್ಥೆಯದೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದ ಚಾಲಕನ ಮರಣವು ಉದ್ಯೋಗದ ಅವಧಿಯಲ್ಲೇ ಆದದ್ದೆಂದು ತೀರ್ಮಾನಿಸಲಾಯಿತು. ಸಾರ್ವಜನಿಕ ಸಾರಿಗೆ ನೌಕರರ ಮಟ್ಟಿಗೆ ಇದು ಮುಖ್ಯ ತೀರ್ಪು. 1996ರಲ್ಲಿ ನೌಕರರ ರಾಜ್ಯ ವಿಮೆಗೆ ಸಂಬಂಧಿಸಿದ ಫ್ರಾನ್ಸಿಸ್ ಡಿಕೋಸ್ಟಾ ಪ್ರಕರಣದಲ್ಲಿ ನ್ಯಾಯಾಲಯವು ಬಿಗಿಯಾದ ನಿಲುವು ತಳೆಯಿತು. ಸಂಸತ್ತು 2010ರ ತಿದ್ದುಪಡಿಯ ಮೂಲಕ ವಿಮಾ ಅಧಿನಿಯಮಕ್ಕೆ ಕಲಂ 51ಇ ಸೇರಿಸಿ ದಾರಿಯ ಅಪಘಾತಗಳನ್ನು ಒಳಗೊಂಡಿತು. 2025ರ ಜುಲೈ 29ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪಘಾತದ ಸಂದರ್ಭ, ಸಮಯ ಮತ್ತು ಸ್ಥಳಕ್ಕೆ ಉದ್ಯೋಗದೊಡನೆ ಸಂಬಂಧವಿರುವುದು ಸಾಬೀತಾದರೆ 1923ರ ಅಧಿನಿಯಮದ ಅಡಿಯಲ್ಲೂ ಅದೇ ಅರ್ಥವನ್ನು ಅನ್ವಯಿಸಬೇಕೆಂದು ಹೇಳಿತು.

ಚುನಾವಣಾ ಕೆಲಸಕ್ಕೆ ಬೇರೆ ನಿಯಮವಿದೆ. ಚುನಾವಣಾ ಆಯೋಗದ ಸೂಚನೆಯ ಪ್ರಕಾರ ತರಬೇತಿಯೂ ಸೇರಿದಂತೆ ಚುನಾವಣಾ ಕರ್ತವ್ಯಕ್ಕಾಗಿ ಮನೆ ಅಥವಾ ಕಚೇರಿಯಿಂದ ಹೊರಟ ಕ್ಷಣದಿಂದ ಮರಳಿ ಬರುವವರೆಗೆ ಸಿಬ್ಬಂದಿಯು ಕರ್ತವ್ಯದಲ್ಲಿದ್ದಂತೆಯೇ ಲೆಕ್ಕ. ಮತಗಟ್ಟೆಗೆ ಹೋಗುವ ಹಳ್ಳಿಯ ಶಾಲಾ ಶಿಕ್ಷಕರಿಗೂ ಇದು ಅನ್ವಯಿಸುತ್ತದೆ.

## ಪರಿಹಾರದ ಮೊತ್ತ

1923ರ ಅಧಿನಿಯಮದ ಕಲಂ 4ರಂತೆ ಪರಿಹಾರವನ್ನು ಮೂರು ಅಂಶಗಳಿಂದ ಲೆಕ್ಕ ಹಾಕಲಾಗುತ್ತದೆ: ಮಾಸಿಕ ವೇತನ, ವಯಸ್ಸಿಗೆ ತಕ್ಕ ಗುಣಕ ಮತ್ತು ಗಾಯದ ಪ್ರಮಾಣ.

* ಮರಣ: ಮಾಸಿಕ ವೇತನದ ಶೇ 50 × ಗುಣಕ. ಕನಿಷ್ಠ ₹1,20,000.
* ಶಾಶ್ವತ ಸಂಪೂರ್ಣ ಅಂಗವೈಕಲ್ಯ: ಮಾಸಿಕ ವೇತನದ ಶೇ 60 × ಗುಣಕ. ಕನಿಷ್ಠ ₹1,40,000.
* ಶಾಶ್ವತ ಭಾಗಶಃ ಅಂಗವೈಕಲ್ಯ: ಸಂಪೂರ್ಣ ಅಂಗವೈಕಲ್ಯದ ಮೊತ್ತದಲ್ಲಿ, ಕಳೆದುಹೋದ ಸಂಪಾದನಾ ಸಾಮರ್ಥ್ಯದ ಶೇಕಡಾವಾರು ಪಾಲು.
* ತಾತ್ಕಾಲಿಕ ಅಂಗವೈಕಲ್ಯ: ಮಾಸಿಕ ವೇತನದ ಶೇ 25ರಷ್ಟು ಮೊತ್ತ, ಅರ್ಧ ತಿಂಗಳಿಗೊಮ್ಮೆ, ಗರಿಷ್ಠ ಐದು ವರ್ಷಗಳವರೆಗೆ.

ಇವುಗಳ ಜೊತೆಗೆ ಚಿಕಿತ್ಸೆಗೆ ತಗುಲಿದ ನಿಜವಾದ ವೆಚ್ಚವನ್ನು ಮಾಲೀಕನು ಮರುಪಾವತಿಸಬೇಕು. ಮರಣ ಸಂಭವಿಸಿದಾಗ ಅಂತ್ಯಕ್ರಿಯೆಗೆ ಕನಿಷ್ಠ ₹5,000 ಸಲ್ಲುತ್ತದೆ.

ವೇತನ ಎಷ್ಟೇ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾಸಿಕ ವೇತನಕ್ಕೆ ಮಿತಿ ಇದೆ. 2010ರ ಮೇ 31ರಿಂದ ಅದು ₹8,000 ಆಗಿತ್ತು. 2020ರ ಜನವರಿ 3ರಿಂದ ₹15,000ಕ್ಕೆ ಏರಿತು. ಈ ಮಿತಿಯಲ್ಲಿ ಕೆಲವು ವಯಸ್ಸುಗಳಿಗೆ ಬರುವ ಮೊತ್ತ ಹೀಗಿದೆ.

| ವಯಸ್ಸು | ಗುಣಕ | ಮರಣ (₹) | ಶಾಶ್ವತ ಸಂಪೂರ್ಣ ಅಂಗವೈಕಲ್ಯ (₹) |
|---|---|---|---|
| 25 | 216.91 | 16,26,825 | 19,52,190 |
| 30 | 207.98 | 15,59,850 | 18,71,820 |
| 40 | 184.17 | 13,81,275 | 16,57,530 |
| 50 | 153.09 | 11,48,175 | 13,77,810 |
| 60 | 117.41 | 8,80,575 | 10,56,690 |

### ಸಂಪಾದನಾ ಸಾಮರ್ಥ್ಯದ ನಷ್ಟ

ಮೊದಲನೆಯ ಅನುಸೂಚಿಯು ಕೆಲವು ಗಾಯಗಳಿಗೆ ನಿಗದಿತ ಶೇಕಡಾವಾರು ನಷ್ಟವನ್ನು ಸೂಚಿಸುತ್ತದೆ. ಹೆಬ್ಬೆರಳು ಹೋದರೆ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ ಶೇ 50, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40. ಉದಾಹರಣೆಗೆ, ₹15,000 ಅಥವಾ ಅದಕ್ಕಿಂತ ಹೆಚ್ಚಿನ ವೇತನದ 30 ವರ್ಷದ ನೌಕರ ಹೆಬ್ಬೆರಳು ಕಳೆದುಕೊಂಡರೆ ₹18,71,820ರ ಶೇ 30, ಅಂದರೆ ₹5,61,546 ಸಲ್ಲುತ್ತದೆ. ಅನುಸೂಚಿಯಲ್ಲಿ ಇಲ್ಲದ ಗಾಯಗಳಿಗೆ ಅರ್ಹ ವೈದ್ಯರು ನಷ್ಟದ ಪ್ರಮಾಣವನ್ನು ನಿರ್ಧರಿಸುತ್ತಾರೆ.

ದೇಹದ ಅಂಗವೈಕಲ್ಯ ಮತ್ತು ಸಂಪಾದನಾ ಸಾಮರ್ಥ್ಯದ ನಷ್ಟ ಎರಡೂ ಒಂದೇ ಅಲ್ಲ. 1976ರ ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಗಾಯಗೊಂಡವನು ಬಡಗಿಯಾಗಿದ್ದು, ಅವನ ಎಡತೋಳನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾಗದು ಎಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳ ಪೀಠವು ಅವನ ನಷ್ಟವನ್ನು ಶೇ 100 ಎಂದು ಎತ್ತಿಹಿಡಿಯಿತು. ಪರಿಹಾರದ ಹೊಣೆಯು ಆಯುಕ್ತರ ಆದೇಶದ ದಿನದಿಂದಲ್ಲ, ಅಪಘಾತದ ದಿನದಿಂದಲೇ ಹುಟ್ಟುತ್ತದೆ ಎಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು. ಕಂಬ ಏರುವವರು, ಬಸ್ ನಡೆಸುವವರು ಮತ್ತು ಹಳಿ ಕಾಯುವವರ ಪ್ರಕರಣಗಳಲ್ಲಿ ಈ ತತ್ತ್ವಕ್ಕೆ ವಿಶೇಷ ಮಹತ್ವವಿದೆ.

## ಸೇವಾ ನಿಯಮಗಳಡಿಯ ಸೌಲಭ್ಯಗಳು

ಖಾಯಂ ಸರ್ಕಾರಿ ನೌಕರರಿಗೆ ಒಂದು ಬಾರಿಯ ಪರಿಹಾರಕ್ಕಿಂತ ಮುಖ್ಯವಾದದ್ದು ಸೇವೆ ಮುಂದುವರಿಯುವ ಭರವಸೆ.

ಚಿಕಿತ್ಸೆ: ಕರ್ನಾಟಕ ಸರ್ಕಾರಿ ನೌಕರರ (ವೈದ್ಯಕೀಯ ಹಾಜರಾತಿ) ನಿಯಮಗಳು, 1963ರ ಅಡಿಯಲ್ಲಿ ರಾಜ್ಯ ನೌಕರರು ಮತ್ತು ಅವರ ಕುಟುಂಬದವರ ಚಿಕಿತ್ಸಾ ವೆಚ್ಚವನ್ನು ಮರುಪಾವತಿ ಮಾಡಲಾಗುತ್ತದೆ.

ರಜೆ: ಕರ್ತವ್ಯದ ಕಾರಣದಿಂದ ಗಾಯಗೊಂಡ ಕೇಂದ್ರ ಸರ್ಕಾರಿ ನೌಕರರಿಗೆ 1972ರ ರಜಾ ನಿಯಮಗಳ ಪ್ರಕಾರ ಈ ಹಿಂದೆ ವಿಶೇಷ ಅಂಗವೈಕಲ್ಯ ರಜೆ ದೊರೆಯುತ್ತಿತ್ತು. ಇದರ ಗರಿಷ್ಠ ಅವಧಿ 24 ತಿಂಗಳಾಗಿತ್ತು. ಮೊದಲ 120 ದಿನಗಳಿಗೆ ಗಳಿಕೆ ರಜೆಯ ವೇತನ, ಉಳಿದ ಅವಧಿಗೆ ಅರ್ಧ ವೇತನ ಸಿಗುತ್ತಿತ್ತು. ಈ ರಜೆಯನ್ನು ನೌಕರನ ಸಾಮಾನ್ಯ ರಜೆಯ ಲೆಕ್ಕದಿಂದ ಕಳೆಯುತ್ತಿರಲಿಲ್ಲ. ರಾಜ್ಯದ ಸೇವಾ ನಿಯಮಗಳಲ್ಲಿಯೂ ವಿಶೇಷ ಅಂಗವೈಕಲ್ಯ ರಜೆಗೆ ಅವಕಾಶವಿದೆ.

ಅಸಾಧಾರಣ ಪಿಂಚಣಿ: ಮರಣ ಅಥವಾ ಅಂಗವೈಕಲ್ಯಕ್ಕೆ ಸರ್ಕಾರಿ ಕರ್ತವ್ಯವೇ ಕಾರಣವೆಂದು ಸ್ಥಾಪಿತವಾದಾಗ ಸಾಮಾನ್ಯ ಪಿಂಚಣಿಗಿಂತ ಬೇರೆಯಾದ ಅಸಾಧಾರಣ ಪಿಂಚಣಿ ಸಲ್ಲುತ್ತದೆ. ಕೇಂದ್ರದಲ್ಲಿ 1939ರ ನಿಯಮಗಳ ಸ್ಥಾನದಲ್ಲಿ 2023ರ ಹೊಸ ನಿಯಮಗಳು ಬಂದಿವೆ. ಕರ್ತವ್ಯದ ವೇಳೆ ಅಪಘಾತದಲ್ಲಿ ಮೃತಪಟ್ಟ ಕೇಂದ್ರ ನೌಕರರ ಕುಟುಂಬಕ್ಕೆ 2016ರ ಜನವರಿ 1ರಿಂದ ₹25 ಲಕ್ಷ ಅನುಗ್ರಹ ಧನವೂ ನಿಗದಿಯಾಗಿದೆ.

ವಿಮೆ: ರಾಜ್ಯ ನೌಕರರು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಲ್ಲಿ ಕಡ್ಡಾಯವಾಗಿ ಜೀವವಿಮೆ ಹೊಂದಿರಬೇಕು. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ ನೌಕರರ ವಿಮಾ ಯೋಜನೆ ಇದರ ಮೂಲ.

ಅನುಕಂಪದ ನೇಮಕಾತಿ: ಸೇವೆಯಲ್ಲಿರುವಾಗ ಮೃತಪಟ್ಟ ನೌಕರರ ಅವಲಂಬಿತರೊಬ್ಬರಿಗೆ 1996ರ ನಿಯಮಗಳಂತೆ ಉದ್ಯೋಗ ಕೋರಲು ಅವಕಾಶವಿದೆ. ವಿವಾಹಿತ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ತಾರತಮ್ಯವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2020ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಬಳಿಕ 2021ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು.

ಉದ್ಯೋಗ ರಕ್ಷಣೆ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಕಲಂ 20(4)ರಂತೆ ಸೇವೆಯ ಅವಧಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆಯು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಿಂದಿನ ಹುದ್ದೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಅಧಿಕ ಹುದ್ದೆ ಸೃಷ್ಟಿಸಿ ಇರಿಸಿಕೊಳ್ಳಬೇಕು. ಇದೇ ಬಗೆಯ ರಕ್ಷಣೆ 1995ರ ಅಧಿನಿಯಮದ ಕಲಂ 47ರಲ್ಲಿತ್ತು. ಕಾಲು ಕಳೆದುಕೊಂಡ ಕೇಂದ್ರ ಪಡೆಯ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣದಲ್ಲಿ (ಕುನಾಲ್ ಸಿಂಗ್, 2003), ಅಶಕ್ತತಾ ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

## ಗುತ್ತಿಗೆ ಮತ್ತು ಗೌರವಧನದ ಕೆಲಸಗಾರರು

ಸರ್ಕಾರಿ ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ 'ಮಾಲೀಕ ಯಾರು' ಎಂಬುದೇ ಮೊದಲ ವಿವಾದವಾಗುತ್ತದೆ. 1923ರ ಅಧಿನಿಯಮದ ಕಲಂ 12 ಇದಕ್ಕೆ ಪರಿಹಾರ ಸೂಚಿಸುತ್ತದೆ. ತನ್ನ ವ್ಯವಹಾರದ ಭಾಗವಾಗಿರುವ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸುವ ಪ್ರಧಾನ ಮಾಲೀಕನು, ಆ ಕಾರ್ಮಿಕ ತನ್ನ ನೇರ ನೌಕರನೇ ಆಗಿದ್ದರೆ ಎಷ್ಟೋ ಅಷ್ಟೇ ಪರಿಹಾರ ನೀಡಬೇಕು. ಆ ಮೊತ್ತವನ್ನು ಅವನು ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಕಲಂ 2(2) ಮತ್ತು ಕಲಂ 12ನ್ನು ಒಟ್ಟಿಗೆ ಓದಿದಾಗ, ಚರಂಡಿ ಸ್ವಚ್ಛತೆಯು ಪುರಸಭೆಯ ಕರ್ತವ್ಯವಾದ್ದರಿಂದ ಗುತ್ತಿಗೆ ಕಾರ್ಮಿಕನು ಪುರಸಭೆಯ ವಿರುದ್ಧವೇ ಪರಿಹಾರ ಕೇಳಬಹುದು.

ಕಾರ್ಮಿಕನು ನೌಕರರ ರಾಜ್ಯ ವಿಮೆಗೆ ಒಳಪಟ್ಟಿದ್ದರೆ ಸ್ಥಿತಿ ಬೇರೆ. ಆ ಅಧಿನಿಯಮದ ಕಲಂ 53 ಅದೇ ಗಾಯಕ್ಕೆ 1923ರ ಅಧಿನಿಯಮದಡಿ ಪರಿಹಾರ ಕೇಳುವುದನ್ನು ತಡೆಯುತ್ತದೆ. ವಿಮಾ ಯೋಜನೆಯ ವೇತನ ಮಿತಿ 2017ರ ಜನವರಿ 1ರಿಂದ ತಿಂಗಳಿಗೆ ₹21,000. 2019ರ ಜುಲೈ 1ರಿಂದ ಮಾಲೀಕರ ವಂತಿಗೆ ಶೇ 3.25, ನೌಕರರ ವಂತಿಗೆ ಶೇ 0.75. ತಾತ್ಕಾಲಿಕ ಅಂಗವೈಕಲ್ಯದ ಅವಧಿಯಲ್ಲಿ ವೇತನದ ಶೇ 90ರಷ್ಟು ನಗದು ಸೌಲಭ್ಯ ದೊರೆಯುತ್ತದೆ. ವಂತಿಗೆ ಕಟ್ಟಲಾಗಿದೆಯೇ ಎಂಬುದನ್ನು ಕಾರ್ಮಿಕನು ಅಪಘಾತಕ್ಕೆ ಮೊದಲೇ ತಿಳಿದಿರುವುದು ಇಲ್ಲಿ ಮುಖ್ಯ.

ಮಲಗುಂಡಿ ಮತ್ತು ಒಳಚರಂಡಿಗಳಲ್ಲಿ ಆಗುವ ಸಾವುಗಳಿಗೆ ಪ್ರತ್ಯೇಕ ನಿಯಮವಿದೆ. ರಕ್ಷಣಾ ಸಾಧನಗಳಿಲ್ಲದೆ ಇವುಗಳೊಳಗೆ ಇಳಿಸಿ ಅಪಾಯಕಾರಿ ಸ್ವಚ್ಛತೆ ಮಾಡಿಸುವುದನ್ನು 2013ರ ಅಧಿನಿಯಮವು ನಿಷೇಧಿಸಿದೆ. 2014ರ ಮಾರ್ಚ್ 27ರಂದು ಸಫಾಯಿ ಕರ್ಮಚಾರಿ ಆಂದೋಲನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಿಂದ ಇಂಥ ಕೆಲಸದಲ್ಲಿ ಮೃತಪಟ್ಟ ಪ್ರತಿಯೊಬ್ಬರ ಕುಟುಂಬಕ್ಕೆ ₹10 ಲಕ್ಷ ನೀಡಬೇಕೆಂದು ಆದೇಶಿಸಿತು. 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ಪ್ರಕರಣದ ತೀರ್ಪು ಆ ಮೊತ್ತವನ್ನು ₹30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ ₹20 ಲಕ್ಷ, ಇತರ ಅಂಗವೈಕಲ್ಯಕ್ಕೆ ಕನಿಷ್ಠ ₹10 ಲಕ್ಷ ನಿಗದಿಪಡಿಸಿತು.

ಅಂಗನವಾಡಿ ಕಾರ್ಯಕರ್ತೆಯರು ರಾಜ್ಯದ ನಾಗರಿಕ ಹುದ್ದೆ ಹೊಂದಿದವರಲ್ಲ ಎಂದು ಕರ್ನಾಟಕ ಸರ್ಕಾರಕ್ಕೆ ಸಂಬಂಧಿಸಿದ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಆದ್ದರಿಂದ ಸೇವಾ ನಿಯಮಗಳ ರಜೆ ಮತ್ತು ಅಸಾಧಾರಣ ಪಿಂಚಣಿ ಇವರಿಗೆ ತಾವಾಗಿಯೇ ಅನ್ವಯಿಸುವುದಿಲ್ಲ. 2022ರ ಏಪ್ರಿಲ್‌ನ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು ಇವರಿಗೆ ಉಪದಾನ ಕಾಯಿದೆ ಅನ್ವಯಿಸುತ್ತದೆ ಎಂದಿದೆ. ಬ್ಯಾಂಕ್ ಖಾತೆ ಹೊಂದಿರುವವರು ವರ್ಷಕ್ಕೆ ₹20 ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದ್ದರೆ ಅಪಘಾತದ ಮರಣಕ್ಕೆ ₹2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ₹1 ಲಕ್ಷ ಪಡೆಯಬಹುದು.

## ಹಕ್ಕು ಸಾಧಿಸುವ ವಿಧಾನ

1923ರ ಅಧಿನಿಯಮದಡಿ ಕ್ರಮವು ಸಾಮಾನ್ಯವಾಗಿ ಹೀಗಿರುತ್ತದೆ.

1. ಅಪಘಾತದ ಬಗ್ಗೆ ಮಾಲೀಕನಿಗೆ ಸಾಧ್ಯವಾದಷ್ಟು ಬೇಗ ಸೂಚನೆ ನೀಡಬೇಕು. ಸೂಚನೆಯಲ್ಲಿ ಗಾಯಗೊಂಡವರ ಹೆಸರು, ವಿಳಾಸ, ಗಾಯದ ಕಾರಣ ಮತ್ತು ದಿನಾಂಕ ಇರಬೇಕು.
2. ಚಿಕಿತ್ಸೆ ಪಡೆದ ಆಸ್ಪತ್ರೆಯ ದಾಖಲೆ, ಅಂಗವೈಕಲ್ಯ ಪ್ರಮಾಣಪತ್ರ, ವೇತನ ಚೀಟಿ ಮತ್ತು ವಯಸ್ಸಿನ ದಾಖಲೆಗಳನ್ನು ಸಂಗ್ರಹಿಸಬೇಕು. ಮರಣ ಸಂಭವಿಸಿದ್ದರೆ ಪ್ರಥಮ ವರ್ತಮಾನ ವರದಿ ಮತ್ತು ಮರಣೋತ್ತರ ಪರೀಕ್ಷೆಯ ವರದಿಯೂ ಬೇಕಾಗುತ್ತವೆ.
3. ಅಪಘಾತ ಅಥವಾ ಮರಣದ ದಿನದಿಂದ ಎರಡು ವರ್ಷಗಳೊಳಗೆ ಪರಿಹಾರ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು. ಸಮರ್ಥ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು.
4. ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಮಾಲೀಕನ ನೋಂದಾಯಿತ ಕಚೇರಿ ಇರುವ ಸ್ಥಳದ ಆಯುಕ್ತರ ಮುಂದೆ ಅರ್ಜಿ ಹಾಕಬಹುದು. ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡುವಾಗ ಮೃತಪಟ್ಟವರ ಕುಟುಂಬವು ತನ್ನ ಊರಿನ ವ್ಯಾಪ್ತಿಯಲ್ಲೇ ಪ್ರಕರಣ ನಡೆಸಲು ಇದರಿಂದ ಅನುಕೂಲವಾಗುತ್ತದೆ.

ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆಯುಕ್ತರಾಗಿದ್ದರು. ನಂತರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಈ ಅಧಿಕಾರ ನೀಡಲಾಯಿತು.

ಮರಣದ ಪ್ರಕರಣದಲ್ಲಿ ಪರಿಹಾರವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಕುಟುಂಬದ ಕೈಗೆ ನೇರವಾಗಿ ಕೊಟ್ಟ ಹಣವನ್ನು ಪರಿಹಾರ ಪಾವತಿಯೆಂದು ಪರಿಗಣಿಸುವುದಿಲ್ಲ. ಮುಂಗಡವಾಗಿ ಕೊಟ್ಟ ಮೂರು ತಿಂಗಳ ವೇತನದವರೆಗಿನ ಮೊತ್ತವನ್ನು ಮಾತ್ರ ಕಳೆಯಬಹುದು. ಬಾಕಿಯಾದ ಒಂದು ತಿಂಗಳೊಳಗೆ ಪರಿಹಾರ ನೀಡದಿದ್ದರೆ ಶೇ 12ರ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದರೆ ಮೊತ್ತದ ಶೇ 50ರವರೆಗೆ ದಂಡ ವಿಧಿಸಬಹುದು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವುದೇ ಒಪ್ಪಂದ ಅಸಿಂಧು. ಪರಿಹಾರದ ಹಣವನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು.

ಆಯುಕ್ತರ ಆದೇಶದ ವಿರುದ್ಧ 60 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಧಾರವಾಡ ಜಿಲ್ಲೆಯ ಪ್ರಕರಣಗಳು ಧಾರವಾಡ ಪೀಠದ ಮುಂದೆ ಬರುತ್ತವೆ. ಆ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಮಾಲೀಕನು ಮೇಲ್ಮನವಿ ಸಲ್ಲಿಸುವಾಗ ಆದೇಶದ ಹಣವನ್ನು ಮೊದಲು ಠೇವಣಿ ಇಟ್ಟಿರಬೇಕು. ಮೇಲ್ಮನವಿಯು ಮಹತ್ವದ ಕಾನೂನು ಪ್ರಶ್ನೆಗೆ ಸೀಮಿತ. ಅಪಘಾತ ನಡೆಯಿತೇ, ವೇತನ ಎಷ್ಟು, ವಯಸ್ಸು ಎಷ್ಟು ಎಂಬಂಥ ಪ್ರಶ್ನೆಗಳು ವಾಸ್ತವಾಂಶಕ್ಕೆ ಸಂಬಂಧಿಸಿದವು ಎಂದು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಿವರಿಸಿದೆ.

ವಾಹನ ಅಪಘಾತಗಳಲ್ಲಿ 1988ರ ಮೋಟಾರು ವಾಹನ ಅಧಿನಿಯಮದ ಕಲಂ 167ರಂತೆ ಎರಡು ಅಧಿನಿಯಮಗಳ ಪೈಕಿ ಒಂದರ ಅಡಿಯಲ್ಲಿ ಮಾತ್ರ ಪರಿಹಾರ ಕೇಳಬಹುದು.

## ಸಾಮಾಜಿಕ ಭದ್ರತಾ ಸಂಹಿತೆ

ಸಾಮಾಜಿಕ ಭದ್ರತಾ ಸಂಹಿತೆ, 2020 ಒಂಬತ್ತು ಕೇಂದ್ರ ಅಧಿನಿಯಮಗಳನ್ನು ಒಂದುಗೂಡಿಸುತ್ತದೆ. ನೌಕರರ ಪರಿಹಾರದ ವಿಷಯವು ಅದರ ಏಳನೆಯ ಅಧ್ಯಾಯದಲ್ಲಿದೆ. ತಪ್ಪು ಸಾಬೀತುಪಡಿಸುವ ಅಗತ್ಯವಿಲ್ಲ ಎಂಬ ತತ್ತ್ವ ಹಾಗೆಯೇ ಉಳಿದಿದೆ. 'ಆಯುಕ್ತ'ರ ಸ್ಥಾನದಲ್ಲಿ 'ಸಕ್ಷಮ ಪ್ರಾಧಿಕಾರ' ಎಂಬ ಪದ ಬಂದಿದೆ. ಮನೆಯಿಂದ ಕೆಲಸಕ್ಕೆ ಮತ್ತು ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಸಂಭವಿಸಿದ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಸ್ಥಾಪಿತವಾದರೆ ಅದನ್ನು ಉದ್ಯೋಗದ ಅಪಘಾತವೆಂದು ಸಂಹಿತೆಯೇ ಈಗ ಒಪ್ಪುತ್ತದೆ. ಸಂಹಿತೆ ಜಾರಿಗೆ ಬರುವ ಮೊದಲೇ ಉಂಟಾದ ಹಕ್ಕುಗಳು 1923ರ ಅಧಿನಿಯಮದ ಪ್ರಕಾರವೇ ತೀರ್ಮಾನವಾಗುತ್ತವೆ.

## ಸಮಸ್ಯೆಗಳು

ವೇತನದ ಮಿತಿಯು ಈ ವ್ಯವಸ್ಥೆಯ ಮುಖ್ಯ ಕೊರತೆಗಳಲ್ಲಿ ಒಂದು. ₹40,000 ವೇತನದ ಚಾಲಕನಿಗೂ ₹15,000 ವೇತನದ ಸ್ವಚ್ಛತಾ ಕಾರ್ಮಿಕನಿಗೂ ವಯಸ್ಸು ಮತ್ತು ಗಾಯ ಒಂದೇ ಆಗಿದ್ದರೆ ಒಂದೇ ಮೊತ್ತ ಬರುತ್ತದೆ. 2010ರಿಂದ 2020ರವರೆಗೆ ಸುಮಾರು ಒಂದು ದಶಕ ಕಾಲ ಈ ಮಿತಿ ಬದಲಾಗಲಿಲ್ಲ.

ಎರಡನೆಯದು ದಾಖಲೆಗಳ ಕೊರತೆ. ಖಾಯಂ ನೌಕರನಿಗೆ ಸೇವಾ ಪುಸ್ತಕವಿರುತ್ತದೆ. ದಿನಗೂಲಿ ಮತ್ತು ಗುತ್ತಿಗೆ ಕಾರ್ಮಿಕನು ತಾನು ಆ ದಿನ ಆ ಕೆಲಸದಲ್ಲಿದ್ದೆ ಎಂಬುದನ್ನೇ ಮೊದಲು ಸಾಬೀತುಪಡಿಸಬೇಕಾಗುತ್ತದೆ. ಹಾಜರಿ ಪುಸ್ತಕ, ಬ್ಯಾಂಕಿಗೆ ಜಮೆಯಾದ ವೇತನದ ವಿವರ ಮತ್ತು ಸಹಕಾರ್ಮಿಕರ ಸಾಕ್ಷ್ಯ ಇಲ್ಲಿ ನಿರ್ಣಾಯಕವಾಗುತ್ತವೆ.

ಮೂರನೆಯದು ತಿಳಿವಳಿಕೆಯ ಕೊರತೆ. ಇದನ್ನು ನಿವಾರಿಸಲು 2017ರಲ್ಲಿ ಅಧಿನಿಯಮಕ್ಕೆ ಕಲಂ 17ಎ ಸೇರಿಸಲಾಯಿತು. ನೌಕರನನ್ನು ನೇಮಿಸಿಕೊಳ್ಳುವಾಗಲೇ ಪರಿಹಾರದ ಹಕ್ಕುಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದ ಮೂಲಕ ತಿಳಿಸುವುದು ಮಾಲೀಕನ ಕರ್ತವ್ಯವೆಂದು ಅದು ವಿಧಿಸಿತು. ತಪ್ಪಿದರೆ ₹50,000ದಿಂದ ₹1,00,000ದವರೆಗೆ ದಂಡವಿತ್ತು. ಸರ್ಕಾರಿ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳೂ ಮಾಲೀಕರೇ ಆಗಿರುವುದರಿಂದ ಈ ಕರ್ತವ್ಯ ಅವುಗಳಿಗೂ ಅನ್ವಯಿಸುತ್ತದೆ.

## ಇವನ್ನೂ ನೋಡಿ

* ನೌಕರರ ಪರಿಹಾರ ಅಧಿನಿಯಮ, 1923
* ನೌಕರರ ರಾಜ್ಯ ವಿಮಾ ನಿಗಮ
* ಕರ್ನಾಟಕ ಸರ್ಕಾರಿ ವಿಮಾ ಇಲಾಖೆ
* ಪೌರಕಾರ್ಮಿಕ
* ಅಣ್ಣಿಗೇರಿ